ಖೋಲಿ ಸಣ್ಣದಾದರೆ ಪಾಯಾನೂ ಸಣ್ಣದಾಗಬೇಕೇ?

ಊರು ಬಿಟ್ಟು ಹತ್ತಿಪ್ಪತ್ತು ವರ್ಷ ಆದವರಿಗೆಲ್ಲ ಒಂದೇ ಕನಸು ಬೀಳುತ್ತೆ ಅಂತ ಕಾಣುತ್ತೆ. ಹೊಲದಲ್ಲೊಂದು ಪುಟ್ಟ ಮನೆ, ಮುಂದೆ ಕೂತುಕೊಳ್ಳೋಕೆ ಕಟ್ಟೆ, ಗೋಡೆಗೆ ಒರಗಿದ ಹಾಗೆ ಒಂದು ಬೇವಿನ ಮರ. ಅಲ್ಲಿ ಕೂತು ಓದೋದು, ಬರೆಯೋದು, ಜೋಳದ ತೆನೆ ಸುಟ್ಟು ತಿನ್ನೋದು! ಈಗೀಗ ಈ ಕನಸಿಗೆ ಯೂಟ್ಯೂಬ್ ಬೇರೆ ಸೇರಿಕೊಂಡಿದೆ. ಎಲ್ಲೋ ಅಮೆರಿಕದ ಕಾಡಿನಲ್ಲಿ ಗಡ್ಡದವನೊಬ್ಬ ಒಬ್ಬನೇ ಕಾಂಕ್ರೀಟ್ ಬ್ಲಾಕ್ ಪೇರಿಸಿ, ಮೂರು ವಾರದಲ್ಲಿ ಕ್ಯಾಬಿನ್ ಎಬ್ಬಿಸಿ, ಕೊನೆಯಲ್ಲಿ ಕಾಫಿ ಕುಡೀತಾನೆ. ನೋಡಿದವರಿಗೆ ಕೈ ತುರಿಸುತ್ತೆ. ನನಗೂ ತುರಿಸಿದೆ, ಸುಳ್ಳು ಯಾಕೆ ಹೇಳಲಿ.

ನಮ್ಮ ಹೊಲ ಇರೋದು ಘತ್ತರಗಿ ಹತ್ತಿರ. ಮಲೆನಾಡು, ಮೈಸೂರು ಕಡೆಯ ಗೆಳೆಯರಿಗೆ ಗೊತ್ತಿಲ್ಲದಿರಬಹುದು. ಕಲಬುರಗಿ ಜಿಲ್ಲೆ, ಅಫಜಲಪುರ ತಾಲ್ಲೂಕು, ಭೀಮಾ ನದಿ ದಂಡೆಯ ಊರು. ಭಾಗ್ಯವಂತಿ ದೇವಿಯ ಗುಡಿ ಇದೆ, ನದಿಗೆ ಬ್ಯಾರೇಜ್ ಇದೆ. ಬಿಳಿಜೋಳ, ತೊಗರಿ, ಹತ್ತಿ, ನೀರಿದ್ದವರಿಗೆ ಕಬ್ಬು. ನೆಲ ಎಲ್ಲಾ ಎರೆ. ನಮ್ಮವರ ಬಾಯಲ್ಲಿ 'ಯರಿ'. ಇನ್ನು ಕ್ಯಾಬಿನ್ ಅನ್ನೋ ಪದ ನಮ್ಮಲ್ಲಿ ಯಾರೂ ಆಡಲ್ಲ. 'ಹೊಲದಾಗಿನ ಖೋಲಿ' ಅಂತಾರೆ, ಅಷ್ಟೇ. ನಾನೂ ಹಾಗೇ ಕರೀತೀನಿ.

ಒಳಗಿನ ಅಳತೆ ಹತ್ತು ಅಡಿ ಹದಿನಾಲ್ಕು ಅಡಿ. ಒಂದು ಬಾಗಿಲು, ಎರಡು ಕಿಟಕಿ. ಬ್ಲಾಕಿನ ಗೋಡೆ. ಇಷ್ಟು ಲೆಕ್ಕ ಹಾಕಿಕೊಂಡು ನಮ್ಮ ಕಡೆಯ ಹಿರಿಯ ಗೌಂಡಿ ಒಬ್ಬರ ಹತ್ತಿರ ಹೋಗಿ, "ಮಾಮಾ, ಖೋಲಿ ಸಣ್ಣದದ, ಎರಡು ಅಡಿ ಪಾಯಾ ಸಾಕಲ್ಲ?" ಅಂತ ಕೇಳಿದೆ. ಅವರು ಎಲಿ ಅಡಿಕಿ ಮೆಲ್ಲೋದು ನಿಲ್ಲಿಸಿ ಅಂದರು: "ಖೋಲಿ ಸಣ್ಣದದ ಅಂತ ಯರಿಗಿ ಯಾರ್ ಹೇಳ್ಯಾರಪಾ?"

ಈ ಒಂದು ಮಾತಿನ ಸುತ್ತವೇ ಈ ಪೋಸ್ಟು. ಬ್ಲಾಕ್ ಮನೆ ಬಗ್ಗೆ ಇರೋ ಮಾತೆಲ್ಲ ಬ್ಲಾಕಿನ ಬಗ್ಗೆಯೇ ಇರುತ್ತೆ. ಎಷ್ಟು ಬೇಕು, ರೇಟು ಎಷ್ಟು, ಹೇಗೆ ಪೇರಿಸೋದು. ನಮ್ಮ ಕಡೆ ಮನೆ ಬೀಳೋದು, ಬಿರಿಯೋದು, ಬೇಯೋದು ಯಾವುದೂ ಬ್ಲಾಕಿನಿಂದ ಅಲ್ಲ. ಒಂದು ಕೆಳಗಿನ ನೆಲದಿಂದ, ಇನ್ನೊಂದು ಮೇಲಿನ ಮಾಳಿಗೆಯಿಂದ. ನಡುವಿನ ಗೋಡೆ ಪಾಪದ್ದು. ದುಡ್ಡು, ಯೋಚನೆ ಎರಡೂ ಮೊದಲು ನೆಲಕ್ಕೆ ಹೋಗಬೇಕು ಅನ್ನೋದು ನನ್ನ ವಾದ.

ಎರೆ ಮಣ್ಣಿನ ಗುಣ ನಮ್ಮೂರಿನ ಹುಡುಗರಿಗೂ ಗೊತ್ತು. ಏಪ್ರಿಲ್, ಮೇನಲ್ಲಿ ಹೊಲದಲ್ಲಿ ನಡೆದರೆ ಬಿರುಕಿನೊಳಗೆ ಕಾಲು ಹೋಗುತ್ತೆ. ದನದ ಗೊರಸು ಸಿಕ್ಕಿಕೊಳ್ಳುತ್ತೆ. ಜೂನ್, ಜುಲೈನಲ್ಲಿ ಮಳೆ ಬಿದ್ದ ಮೇಲೆ ಅದೇ ಬಿರುಕು ಮುಚ್ಚಿ ನೆಲ ಉಬ್ಬುತ್ತೆ. ಚಪ್ಪಲಿಗೆ ಒಂದೊಂದು ಕಿಲೋ ಕೆಸರು! ಈ ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಖನಿಜ ಇದೆ. ಅದರ ಪದರಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತೆ, ನೀರು ಹೋದರೆ ಕುಗ್ಗುತ್ತೆ. ಬೆಳೆಗೆ ಇದೇ ವರ. ಹಿಂಗಾರಿ ಜೋಳ ಒಂದು ಹನಿ ಮಳೆ ಇಲ್ಲದೆ ಬರೀ ಈ ಮಣ್ಣಿನ ತೇವದಲ್ಲೇ ಬೆಳೆದು ನಿಲ್ಲುತ್ತೆ. ಮನೆಗೆ ಮಾತ್ರ ಇದೇ ಶಾಪ.

ಇಲ್ಲಿ ಒಂದು ವಿಚಿತ್ರ ಇದೆ, ಬಹಳ ಜನಕ್ಕೆ ಇದು ತಲೆಗೆ ಹೋಗಲ್ಲ. ಉಬ್ಬುವ ಮಣ್ಣಿನ ಮೇಲೆ ದೊಡ್ಡ ಕಟ್ಟಡಕ್ಕಿಂತ ಸಣ್ಣ ಕಟ್ಟಡಕ್ಕೇ ಅಪಾಯ ಹೆಚ್ಚು. ನಾಲ್ಕು ಅಂತಸ್ತಿನ ಕಟ್ಟಡದ ಭಾರ ಮಣ್ಣನ್ನು ಒತ್ತಿ ಹಿಡಿಯುತ್ತೆ. ಒಂದೇ ಅಂತಸ್ತಿನ ಹತ್ತು ಹದಿನಾಲ್ಕರ ಖೋಲಿಗೆ ಆ ಭಾರ ಎಲ್ಲಿಂದ ಬರಬೇಕು? ಮಣ್ಣು ಅದನ್ನು ಸುಮ್ಮನೆ ಎತ್ತಿಬಿಡುತ್ತೆ. ಎತ್ತೋದೂ ಒಂದೇ ಸಮ ಎತ್ತಲ್ಲ. ಖೋಲಿಯ ನಡುವಿನ ನೆಲಕ್ಕೆ ಬಿಸಿಲು ತಾಗಲ್ಲ, ಅಲ್ಲಿ ತೇವ ಹಾಗೇ ಉಳಿಯುತ್ತೆ. ಸುತ್ತಿನ ಅಂಚು ಮಾತ್ರ ಮಳೆಗಾಲದಲ್ಲಿ ನೆನೆಯುತ್ತೆ, ಬೇಸಿಗೆಯಲ್ಲಿ ಒಣಗುತ್ತೆ. ಅಂದರೆ ವರ್ಷಕ್ಕೊಮ್ಮೆ ಗೋಡೆಗಳು ಒಂದು ಕಡೆ ಏಳುತ್ತವೆ, ಮತ್ತೆ ಇಳಿಯುತ್ತವೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹತ್ತುವ ಬಿರುಕು ನೋಡಿದ್ದೀರಲ್ಲ, ಅದು ಈ ಏರಿಳಿತದ ಸಹಿ. ಮಳೆಗಾಲದಲ್ಲಿ ಬಾಗಿಲು ಸಿಕ್ಕಿಹಾಕಿಕೊಂಡರೆ ಕಟ್ಟಿಗೆ ಉಬ್ಬಿದೆ ಅಂತ ಬಡಗಿಯನ್ನ ಬೈತೀವಿ. ಎಷ್ಟೋ ಸಲ ಉಬ್ಬಿರೋದು ನೆಲ, ಸೊಟ್ಟಾಗಿರೋದು ಚೌಕಟ್ಟು.

ಕಾಂಕ್ರೀಟ್ ಬ್ಲಾಕಿನ ಗೋಡೆಗೆ ಈ ವಿಷಯದಲ್ಲಿ ಸ್ವಲ್ಪವೂ ಸಹನೆ ಇಲ್ಲ. ಮಣ್ಣಿನ ಗೋಡೆ ತುಸು ಬಾಗುತ್ತೆ, ಬಿರಿದರೆ ಸಗಣಿ ಮಣ್ಣು ಮೆತ್ತಿದರಾಯ್ತು. ಬ್ಲಾಕು ಬಾಗಲ್ಲ, ಸೀದಾ ಬಿರಿಯುತ್ತೆ.

ಹಾಗಾದರೆ ಏನು ಮಾಡೋದು? ಮೊದಲು ಗುಂಡಿ ತೋಡಿ ನೋಡಬೇಕು. ನಾಲ್ಕೈದು ಅಡಿಯೊಳಗೆ ಮುರುಮು ಸಿಕ್ಕರೆ ನಿಮ್ಮ ಪುಣ್ಯ. ಎರೆ ಪೂರ್ತಿ ತೆಗೆಸಿ, ಮುರುಮಿನ ಮೇಲೆ ಪಾಯಾ ಕೂರಿಸಿ, ಒಳಗಿನ ನೆಲಕ್ಕೂ ಹೊರಗಿನಿಂದ ಮುರುಮು ತಂದು ಪದರ ಪದರವಾಗಿ ನೀರು ಹಾಕಿ ಧಮ್ಮಸ್ ಮಾಡಿ ತುಂಬಬಹುದು. ತೆಗೆದ ಎರೆಯನ್ನೇ ವಾಪಸ್ ಒಳಗೆ ತುಂಬೋದು ಮಾತ್ರ ಬೇಡ. ದುಡ್ಡು ಉಳಿಸೋಕೆ ಬಹಳ ಕಡೆ ಅದನ್ನೇ ಮಾಡ್ತಾರೆ, ಆಮೇಲೆ ಒಳಗಿನ ಫರಸಿ ಎದ್ದು ಕೂರುತ್ತೆ.

ನದಿ ಹತ್ತಿರದ ಹೊಲಗಳಲ್ಲಿ ಹತ್ತು ಹನ್ನೆರಡು ಅಡಿ ಹೋದರೂ ಕರಿ ಮಣ್ಣೇ ಸಿಗಬಹುದು. ಅಲ್ಲಿ ಅಗೆಯುತ್ತಾ ಹೋದರೆ ಖೋಲಿಯ ದುಡ್ಡೆಲ್ಲ ಗುಂಡಿಗೇ! ಇದಕ್ಕೊಂದು ಒಳ್ಳೆ ಉಪಾಯವನ್ನ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು 1950ರ ದಶಕದಲ್ಲೇ ಎರೆ ಭೂಮಿಗಾಗಿಯೇ ರೂಪಿಸಿದರು. ಕೈಯಿಂದ ತಿರುಗಿಸುವ ಆಗರ್‌ನಲ್ಲಿ ಸುಮಾರು ಮೂರೂವರೆ ಮೀಟರ್ ಆಳಕ್ಕೆ ತೂತು ಕೊರೆಯೋದು. ತಳದ ಹತ್ತಿರ ಆ ತೂತನ್ನ ಎರಡೂವರೆ ಪಟ್ಟು ಅಗಲ ಮಾಡಿ ಗಡ್ಡೆಯ ಹಾಗೆ ಮಾಡೋದು. ಕಬ್ಬಿಣದ ಕಂಬಿ ಇಳಿಸಿ ಕಾಂಕ್ರೀಟ್ ತುಂಬೋದು. ಗಡ್ಡೆ ಇರೋ ಆಳದಲ್ಲಿ ಮಳೆ ಬಿಸಿಲಿನ ಆಟ ನಡೆಯಲ್ಲ, ಅಲ್ಲಿ ಮಣ್ಣು ಹೆಚ್ಚು ಕಡಿಮೆ ವರ್ಷವಿಡೀ ಒಂದೇ ಸ್ಥಿತಿಯಲ್ಲಿರುತ್ತೆ. ಹಾಗಾಗಿ ಮೇಲಿನ ಮಣ್ಣು ಎತ್ತಿದರೂ ಗಡ್ಡೆ ಹಿಡಿದುಕೊಳ್ಳುತ್ತೆ. ಇವುಗಳ ತಲೆಯ ಮೇಲೆ ಸುತ್ತಲೂ ಒಂದು ಬೀಮು, ಆ ಬೀಮಿಗೂ ಮಣ್ಣಿಗೂ ನಡುವೆ ಎಂಟು ಸೆಂಟಿಮೀಟರಿನಷ್ಟಾದರೂ ಖಾಲಿ ಜಾಗ. ಉಬ್ಬೋ ಮಣ್ಣಿಗೆ ಉಬ್ಬೋಕೆ ಜಾಗ ಬಿಟ್ಟುಬಿಡೋದು! ಜಗಳ ಆಡೋದಕ್ಕಿಂತ ಇದು ವಾಸಿ ಅಲ್ಲವೇ. ನನ್ನ ಖೋಲಿಗೆ ಇಂಥವು ಆರು ಬೇಕಾಗುತ್ತವೆ. ಮೂಲೆಗೊಂದರಂತೆ ನಾಲ್ಕು, ಉದ್ದದ ಗೋಡೆಗಳ ನಡುವೆ ಒಂದೊಂದು. ಇದನ್ನ ಮಾತ್ರ ಎಂಜಿನಿಯರ್ ಒಬ್ಬರ ಕೈಲಿ ಬರೆಸಿಕೊಂಡೇ ಮಾಡಬೇಕು. ವಿಡಿಯೋ ನೋಡಿ ಮಾಡೋ ಕೆಲಸ ಅಲ್ಲ.

ನಿಮ್ಮ ಮಣ್ಣು ಎಷ್ಟು ಉಬ್ಬುತ್ತೆ ಅಂತ ಅಂದಾಜು ಮಾಡೋಕೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಪ್ರಯೋಗಾಲಯದವರು ಮಾಡೋದೂ ಇದನ್ನೇ, ಅವರು ಅಳತೆ ಸರಿಯಾಗಿ ಮಾಡ್ತಾರೆ ಅಷ್ಟೇ. ಒಣಗಿದ ಮಣ್ಣನ್ನ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಗೆರೆ ಇರೋ ಎರಡು ಉದ್ದ ಗಾಜಿನ ಕೊಳವೆಗೆ ಸಮಸಮ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ. ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬಲ್ಲ, ನೀರಿನಲ್ಲಿ ಉಬ್ಬುತ್ತೆ. ಎಣ್ಣೆಯಲ್ಲಿ 10 ಗೆರೆ ಇದ್ದದ್ದು ನೀರಿನಲ್ಲಿ 15 ದಾಟಿದರೆ, ಅಂದರೆ ನೂರಕ್ಕೆ ಐವತ್ತಕ್ಕಿಂತ ಹೆಚ್ಚು ಉಬ್ಬಿದರೆ, ಎರಡು ಅಡಿ ಪಾಯಾದ ಆಸೆ ಬಿಟ್ಟುಬಿಡಿ. (ಈಗ ಸೀಮೆಎಣ್ಣೆ ಹುಡುಕೋದೇ ಮಣ್ಣು ಪರೀಕ್ಷೆಗಿಂತ ಕಷ್ಟ, ಅದು ಬೇರೆ ಮಾತು :-) )

ಇನ್ನು ಆ ಕನಸಿನ ಬೇವಿನ ಮರ. ಗೋಡೆಗೆ ಅಂಟಿಕೊಂಡು ಬೇಡವೇ ಬೇಡ. ಎರೆಯಲ್ಲಿ ಮರದ ಬೇರು ಪಾಯಾದ ಕೆಳಗಿನ ತೇವ ಹೀರಿಕೊಂಡು ಆ ಕಡೆ ನೆಲ ಕುಗ್ಗಿಸುತ್ತೆ. ಮರ ಎಷ್ಟು ಎತ್ತರ ಬೆಳೆಯುತ್ತೋ ಅಷ್ಟು ದೂರದಲ್ಲಿರಲಿ. ಗೋಡೆ ಸುತ್ತ ನಾಲ್ಕಾರು ಅಡಿ ಅಗಲಕ್ಕೆ ಫರಸಿ ಹಾಸಿ, ಹೊರಗೆ ಇಳಿಜಾರು ಕೊಟ್ಟು ಮಳೆ ನೀರು ದೂರ ಹೋಗೋ ಹಾಗೆ ಮಾಡಬೇಕು. ಬಚ್ಚಲ ನೀರೂ ಅಷ್ಟೇ. ಗೋಡೆ ಬುಡದಲ್ಲಿ ಬಾಳೆ ಗಿಡಕ್ಕೆ ಬಿಡೋದು ಚೆಂದ ಕಾಣುತ್ತೆ, ಆದರೆ ಅದು ಪಾಯಾಕ್ಕೆ ದಿನಾ ನೀರು ಕುಡಿಸಿದ ಹಾಗೆ.

ನಮ್ಮ ಹಿರಿಯರು ಇದನ್ನೆಲ್ಲ ಪುಸ್ತಕ ಓದಿ ತಿಳಿದವರಲ್ಲ. ಆದರೆ ನಮ್ಮ ಕಡೆಯ ಹಳೇ ಊರುಗಳನ್ನ ಗಮನಿಸಿ ನೋಡಿ. ಬಹುಪಾಲು ದಿನ್ನೆಯ ಮೇಲೆ, ಮಡ್ಡಿಯ ಮೇಲೆ ಇವೆ. ಎರೆ ಬೆಳೆಗೆ, ಮಡ್ಡಿ ಮನೆಗೆ. ಹೊಲದಲ್ಲಿ ಹಕ್ಕಿ ಓಡಿಸೋಕೆ ಮಂಚಿಗೆ, ಕಾಯೋಕೆ ಗುಡಿಸಲು. ಸುಗ್ಗಿ ಮುಗಿದ ಮೇಲೆ ಅದೂ ಇರ್ತಿರಲಿಲ್ಲ. ಹೊಲದಲ್ಲಿ ಶಾಶ್ವತವಾಗಿ ಕಟ್ಟೋದು ಅನ್ನೋದೇ ನಮ್ಮ ಕಾಲದ ಹೊಸ ಹಟ. ಹಟ ತಪ್ಪು ಅಂತ ನಾನು ಹೇಳ್ತಿಲ್ಲ. ಅದರ ಬೆಲೆ ನೆಲದೊಳಗೆ ಕಟ್ಟಬೇಕು ಅಂತ ಹೇಳ್ತಿದ್ದೀನಿ.

ನದಿ ಮಾತು ಬಿಡೋಕಾಗಲ್ಲ. ಭೀಮಾ ಅಂದರೆ ಬೇಸಿಗೆಯಲ್ಲಿ ಬಡಕಲು ಹೊಳೆ. ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯ ತುಂಬಿ ಮೇಲಿಂದ ನೀರು ಬಿಟ್ಟರೆ ಅದೇ ಹೊಳೆ ಗುರುತು ಸಿಗಲ್ಲ. 2020ರ ಅಕ್ಟೋಬರ್‌ನಲ್ಲಿ ಬಂದ ಹೊಳೆ ಅಫಜಲಪುರ, ಜೇವರ್ಗಿ ತಾಲ್ಲೂಕಿನ ದಂಡೆಯ ಊರುಗಳನ್ನ ಮುಳುಗಿಸಿತು. ಘತ್ತರಗಿ ಬ್ಯಾರೇಜಿನ ಸೇತುವೆಯೂ ನೀರಡಿ ಹೋಯ್ತು. ಸಾವಿರಾರು ಜನ ಕಾಳಜಿ ಕೇಂದ್ರಗಳಲ್ಲಿ ಇದ್ದರು. 2025ರ ಸೆಪ್ಟೆಂಬರ್ ಕೊನೆಗೆ ಮತ್ತೆ ಅದೇ ಭೀಮಾ, ಅದೇ ಊರುಗಳು. ಐದೇ ವರ್ಷದಲ್ಲಿ ಎರಡು ಸಲ. 'ನೂರು ವರ್ಷಕ್ಕೊಮ್ಮೆ ಬರೋ ಹೊಳೆ' ಅಂತ ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. ಹೊಲದ ಯಾವ ಬದುವಿನ ತನಕ ನೀರು ಬಂತು ಅನ್ನೋದು ಅಕ್ಕಪಕ್ಕದ ಹೊಲದವರಿಗೆ ಕರಾರುವಾಕ್ಕಾಗಿ ಗೊತ್ತಿರುತ್ತೆ. ನಾನು ಕೇಳಿ ಗೂಟ ಹೊಡೆಸಿದ್ದೀನಿ. ಆ ಗೂಟದಿಂದ ಕೆಳಗೆ ಒಂದು ಬ್ಲಾಕನ್ನೂ ಇಡಲ್ಲ. ನದಿ ಕಾಣೋ ಹಾಗೆ ಖೋಲಿ ಇರಲಿ ಅಂತ ಮನೆಯಲ್ಲಿ ಮಕ್ಕಳ ಆಸೆ. ನದಿಗೂ ಖೋಲಿ ಕಾಣುತ್ತಲ್ಲ ಅಂತ ನನ್ನ ಭಯ.

ಇಷ್ಟೆಲ್ಲ ತಾಪತ್ರಯ ಯಾಕೆ, ಹಳೇ ಹಾಗೆ ಮಣ್ಣಿನ ಮಾಳಿಗೆ ಮನೆ ಕಟ್ಟಿ, ತಂಪಾಗಿರುತ್ತೆ, ಪರಿಸರಕ್ಕೂ ಒಳ್ಳೇದು ಅಂತ ಕೆಲವು ಗೆಳೆಯರು ಹೇಳ್ತಾರೆ. ಅವರ ಕಾಳಜಿಗೆ ನಮಸ್ಕಾರ. ಆದರೆ ನಮ್ಮ ಭಾಗದಲ್ಲಿ ಈ ಮಾತು ಆಡುವಾಗ ಕಿಲ್ಲಾರಿ ನೆನಪಿರಬೇಕು.

ಆಳಂದದಿಂದ ಉಮರ್ಗಾ ಹಾದಿ ಹಿಡಿದರೆ ಕಿಲ್ಲಾರಿ ದೂರವಲ್ಲ. 1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕು ಗಂಟೆಗೆ ನಾಲ್ಕು ನಿಮಿಷ ಮೊದಲು. ಹಿಂದಿನ ರಾತ್ರಿ ಅನಂತ ಚತುರ್ದಶಿ. ಗಣಪತಿ ಕಳಿಸಿ ಜನ ತಡವಾಗಿ ಮಲಗಿದ್ದರು. ಸುಮಾರು 6.2 ತೀವ್ರತೆಯ ಭೂಕಂಪ. ಜಗತ್ತಿನ ಲೆಕ್ಕದಲ್ಲಿ ಅದು ತೀರಾ ದೊಡ್ಡದಲ್ಲ, ಆದರೆ 8ರಿಂದ 10 ಸಾವಿರ ಜನ ಸತ್ತರು. ಅವರನ್ನ ಕೊಂದಿದ್ದು ಮನೆಗಳೇ. ಎರಡು ಮೂರು ಅಡಿ ದಪ್ಪದ ಗುಂಡುಗಲ್ಲಿನ ಗೋಡೆ, ನಡುವೆ ಬರೀ ಕೆಸರು, ಮೇಲೆ ಕಟ್ಟಿಗೆಯ ತೊಲೆ ಜಂತಿ, ಅದರ ಮೇಲೆ ಅಡಿಗಟ್ಟಲೆ ಮಣ್ಣು. ನಮ್ಮ ಕಡೆಯ ಮಾಳಿಗೆ ಮನೆಗಳೂ ಇದೇ ಜಾತಿಯವು. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಕರ್ಲು ಮಣ್ಣು ಹಾಕೋ ರೂಢಿ. ನೆನೆದರೆ ತೂತು ಮುಚ್ಚಿಕೊಂಡು ನೀರು ಇಳಿಯೋಕೆ ಬಿಡದ ಜಾಣ ಮಣ್ಣು ಅದು. ಹೊಸದು ಹಾಕ್ತಾರೆ, ಹಳೇದು ಕೆರೆದು ತೆಗೆಯೋರು ಕಡಿಮೆ. ಮೂವತ್ತು ನಲವತ್ತು ವರ್ಷದಲ್ಲಿ ತಲೆ ಮೇಲೆ ಎಷ್ಟು ಭಾರ ಕೂತಿರುತ್ತೆ ಯೋಚನೆ ಮಾಡಿ. ಆ ನಸುಕಿನ ನಡುಕ ನಮ್ಮ ಕಡೆಯ ಹಿರಿಯರಿಗೆ ಇನ್ನೂ ನೆನಪಿದೆ. ಹಳೇ ಮನೆಯ ತಂಪನ್ನ ಹೊಗಳುವಾಗ ಅದನ್ನ ಪ್ರತಿ ವರ್ಷ ಮಣ್ಣು ಹೊತ್ತು ಕಾಪಾಡಿದ ಹೆಂಗಸರನ್ನೂ, ಅದರ ಕೆಳಗೆ ಹೂತುಹೋದವರನ್ನೂ ಲೆಕ್ಕಕ್ಕೆ ತಗೋಬೇಕು. ಅದಕ್ಕೇ ನನ್ನ ಗೋಡೆಗೆ ಬ್ಲಾಕೇ ಸರಿ ಅಂತ ತೀರ್ಮಾನ ಮಾಡಿದ್ದೀನಿ.

ಬ್ಲಾಕ್ ಅಂದ ತಕ್ಷಣ ಗಟ್ಟಿ ಆಗಿಬಿಡಲ್ಲ. ಬ್ಲಾಕುಗಳನ್ನ ಕಟ್ಟಿ ಹಾಕಬೇಕು. ಪಾಯಾದ ಬೀಮು ಒಂದು, ಕಿಟಕಿ ಬಾಗಿಲಿನ ಮೇಲೆ ಲಿಂಟಲ್ ಮಟ್ಟದಲ್ಲಿ ನಾಲ್ಕೂ ಗೋಡೆ ಸುತ್ತಿ ಬರೋ ಕಾಂಕ್ರೀಟ್ ಪಟ್ಟಿ ಇನ್ನೊಂದು. ಬಾಗಿಲ ಮೇಲಷ್ಟೇ ಲಿಂಟಲ್ ತುಂಡು ಹಾಕಿ ನಿಲ್ಲಿಸೋದು ಚಾಲ್ತಿಯಲ್ಲಿದೆ, ಅದು ಸಾಲದು. ಸೊಂಟಕ್ಕೆ ಉಡದಾರ ಅರ್ಧ ಸುತ್ತು ಕಟ್ಟಿದರೆ ನಿಲ್ಲುತ್ತಾ? ಪೊಳ್ಳು ಬ್ಲಾಕ್ ತಗೊಂಡರೆ ಒಂದು ಅನುಕೂಲ. ಮೂಲೆಗಳಲ್ಲಿ ಆ ಪೊಳ್ಳಿನೊಳಗೇ ಪಾಯಾದಿಂದ ಮೇಲಿನವರೆಗೆ ಕಂಬಿ ಇಳಿಸಿ ಕಾಂಕ್ರೀಟ್ ತುಂಬಬಹುದು.

ಲೆಕ್ಕಕ್ಕೆ ಬರೋಣ. ಒಂಬತ್ತು ಅಡಿ ಎತ್ತರದ ಗೋಡೆ, ಕಿಟಕಿ ಬಾಗಿಲು ಕಳೆದು ಸುಮಾರು 415 ಚದರ ಅಡಿ. ಹದಿನಾರು ಇಂಚು ಉದ್ದ ಎಂಟು ಇಂಚು ಎತ್ತರದ ಬ್ಲಾಕು, ಒಡೆಯೋದೂ ಸೇರಿ ಹತ್ತಿರ ಹತ್ತಿರ 500 ಬೇಕು. ಎಂಟು ಇಂಚಿನ ಘನ ಬ್ಲಾಕು ಒಂದೊಂದು 30 ಕಿಲೋ ದಾಟುತ್ತೆ. ಐನೂರಕ್ಕೆ 15 ಟನ್. ಟ್ರ್ಯಾಕ್ಟರಿನಿಂದ ಇಳಿಸೋದು, ಗೋಡೆ ಹತ್ತಿರ ಒಯ್ಯೋದು, ಎತ್ತಿ ಕೂರಿಸೋದು ಅಂತ ಮೂರು ಸಲ ಎತ್ತಿದರೂ 45 ಟನ್ ಆಯ್ತು. ಕಂಪ್ಯೂಟರ್ ಮುಂದೆ ಕೂತ ಬೆನ್ನು! ಪೊಳ್ಳು ಬ್ಲಾಕ್ ಕಡೆ ನಾನು ವಾಲಿರೋದಕ್ಕೆ ಇದೂ ಒಂದು ಕಾರಣ ಅಂತ ಬಿಡಿಸಿ ಹೇಳಬೇಕಿಲ್ಲ.

ಇಟ್ಟಿಗೆ ಕೆಲಸದ ಅಭ್ಯಾಸದವರು ಬ್ಲಾಕಿಗೂ ಪೈಪ್ ಹಿಡಿದು ನೆನೆಸ್ತಾರೆ. ಅದು ಬೇಡ. ಇಟ್ಟಿಗೆ ನೆನೆಸಿ ಕಟ್ಟಬೇಕು, ಕಾಂಕ್ರೀಟ್ ಬ್ಲಾಕು ಒಣಗಿದ್ದೇ ಕಟ್ಟಬೇಕು. ತೀರಾ ಬಿಸಿಲಿದ್ದರೆ ಮೇಲ್ಮೈ ಮಾತ್ರ ಒದ್ದೆ ಮಾಡಿದರೆ ಸಾಕು. ನೆನೆದ ಬ್ಲಾಕು ಗೋಡೆಯಲ್ಲಿ ಒಣಗುತ್ತಾ ಕುಗ್ಗುತ್ತೆ, ಗೋಡೆ ಬಿರಿಯುತ್ತೆ. ಬ್ಲಾಕು ತಯಾರಾದ ಮೇಲೆ 14 ದಿನ ನೀರುಣಿಸಿ, ಆಮೇಲೆ ನಾಲ್ಕು ವಾರ ಒಣಗಲು ಬಿಡಬೇಕು ಅಂತ ಭಾರತೀಯ ಮಾನಕ ಹೇಳುತ್ತೆ. ನಿನ್ನೆ ಅಚ್ಚು ಹಾಕಿದ್ದನ್ನ ಇವತ್ತು ಟ್ರಾಲಿಗೆ ಹಾಕಿ ಕಳಿಸೋರೂ ಇದ್ದಾರೆ. ಹಾಗಾಗಿ ನಾನು ಎರಡು ತಿಂಗಳು ಮೊದಲೇ ತರಿಸಿ ಹೊಲದಲ್ಲೇ ಪೇರಿಸಿಡೋನು. ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಅನ್ನೋದೂ ಇಲ್ಲಿ ನಡೆಯಲ್ಲ. ಬ್ಲಾಕಿನ ನಡುವಿನ ಗಾರೆ ಬ್ಲಾಕಿಗಿಂತ ತುಸು ಮೆತ್ತಗಿರಬೇಕು. ಒಂದಕ್ಕೆ ಆರು ಸಾಕು. ಬಿರಿದರೂ ಸಂದಿಯಲ್ಲಿ ಬಿರಿಯಲಿ, ಬ್ಲಾಕು ಸೀಳೋದು ಬೇಡ.

ಉಸುಕಿನ ವಿಷಯ ಬರೆಯೋಕೆ ಮನಸ್ಸಿಲ್ಲ, ಬರೆಯದೆ ಇರೋಕೂ ಆಗಲ್ಲ. ಭೀಮೆ ಪಕ್ಕದಲ್ಲೇ ಇದ್ದಾಳೆ, ರಾತ್ರಿ ಒಂದು ಫೋನ್ ಮಾಡಿದರೆ ಬೆಳಗಾಗೋದರೊಳಗೆ ಟ್ರ್ಯಾಕ್ಟರ್ ಬಂದು ಸುರುವಿ ಹೋಗುತ್ತೆ ಅಂತ ಹೇಳೋರಿದ್ದಾರೆ. 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯೋಕೆ ಹೋದ ಹೆಡ್ ಕಾನ್‌ಸ್ಟೇಬಲ್ ಒಬ್ಬರ ಮೇಲೆ ಆ ಟ್ರ್ಯಾಕ್ಟರನ್ನೇ ಹಾಯಿಸಿ ಕೊಂದರು. ಅಂಥ ಉಸುಕಿನಲ್ಲಿ ಖೋಲಿ ಕಟ್ಟಿ ಅದರ ಮುಂದಿನ ಕಟ್ಟೆಯ ಮೇಲೆ ಕೂತು ನಾನು ಏನು ಬರೆಯಲಿ? ಬ್ಲಾಕಿಗೆ ಕ್ರಷರಿನ ಕಲ್ಲಿನ ಪುಡಿ ನಡೆಯುತ್ತೆ, ಗಾರೆಗೆ ಎಂ-ಸ್ಯಾಂಡ್ ನಡೆಯುತ್ತೆ. ಅಫಜಲಪುರ, ಆಳಂದದ ಕಡೆ ಕಪ್ಪು ಕಲ್ಲಿಗೆ ಬರವಿಲ್ಲ. ಬಿಲ್ ತಗೊಂಡು ತರೋದು. ಇದರಲ್ಲಿ ಚರ್ಚೆಗೆ ಜಾಗ ಇಲ್ಲ ಅನ್ನೋದು ನನ್ನ ನಿಲುವು.

ಮೇಲೆ ಏನು ಹಾಕೋದು ಅನ್ನೋದು ಇನ್ನೂ ಮನೆಯಲ್ಲಿ ಇತ್ಯರ್ಥ ಆಗಿಲ್ಲ. ಪತ್ರಾ ಹಾಕಿದರೆ ಅಗ್ಗ. ಆದರೆ ಕಲಬುರಗಿಯ ಮೇ ತಿಂಗಳು! 42, 43 ಡಿಗ್ರಿಯಲ್ಲಿ ಪತ್ರಾ ಕೆಳಗೆ ಮಧ್ಯಾಹ್ನ ಹತ್ತು ನಿಮಿಷ ಕೂತು ನೋಡಿ. ಆರ್‌ಸಿಸಿ ಸ್ಲ್ಯಾಬ್ ಅದಕ್ಕಿಂತ ಮೇಲು, ಆದರೆ ಹಗಲೆಲ್ಲ ಕುಡಿದ ಬಿಸಿಲನ್ನ ರಾತ್ರಿ ನಮ್ಮ ಮೇಲೆ ಉಗುಳುತ್ತೆ. ಸ್ಲ್ಯಾಬೇ ಹಾಕಿ, ಎರಡು ಅಡಿ ಛಜ್ಜಾ ನಾಲ್ಕೂ ಕಡೆ ಬಿಟ್ಟು, ಮೇಲೆ ವರ್ಷಕ್ಕೊಮ್ಮೆ ದಪ್ಪ ಸುಣ್ಣ ಬಳಿಯೋದು ಅಂತ ಸದ್ಯದ ಯೋಚನೆ. ಬಿಳಿ ಸುಣ್ಣ ಬಿಸಿಲನ್ನ ವಾಪಸ್ ಕಳಿಸುತ್ತೆ, ಖರ್ಚೂ ಅಂಥದ್ದೇನಲ್ಲ. ಸ್ಲ್ಯಾಬಿನ ಕೆಳಗೆ, ಎದುರು ಬದುರು ಗೋಡೆಗಳಲ್ಲಿ ಬೆಳಕಿಂಡಿ ಬಿಟ್ಟು ಬಿಸಿ ಗಾಳಿ ಹೊರಗೆ ಹೋಗೋಕೆ ದಾರಿ. ಹಳೇ ಮನೆಯಿಂದ ಕಲಿಯಬೇಕಾದದ್ದು ಇಂಥವು, ಅದರ ಭಾರ ಅಲ್ಲ. ನೆಲಕ್ಕೆ ಶಹಾಬಾದಿ ಫರಸಿ. ಅದರಲ್ಲಿ ನಮ್ಮ ಜಿಲ್ಲೆಯವರಿಗೆ ಎರಡನೇ ಯೋಚನೆಯೇ ಇಲ್ಲ.

ಕಾಗದದ ಬಗ್ಗೆ ಎರಡೇ ಮಾತು. ಕೃಷಿ ಜಮೀನಿನಲ್ಲಿ ಒಕ್ಕಲುತನಕ್ಕೆ ಬೇಕಾದ ಕಟ್ಟಡ ಕಟ್ಟೋಕೆ ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಂನಲ್ಲಿ ಅವಕಾಶ ಇದೆ. ಆದರೆ ರಿಸಾರ್ಟು, ಹೋಮ್‌ಸ್ಟೇ ಅಂದರೆ ಅದು ಬೇರೆ ಕಥೆ, ಬೇರೆ ಅನುಮತಿ. ಪಂಚಾಯಿತಿಯಲ್ಲಿ ಮೊದಲೇ ಕೇಳಿ.

'ನಾವೇ ಕಟ್ಟೋದು' ಅನ್ನೋದರ ಬಗ್ಗೆ ನನಗೆ ಒಂದು ಮುಜುಗರ ಇದೆ. ಅಫಜಲಪುರ, ಆಳಂದ, ಜೇವರ್ಗಿಯ ಹಳ್ಳಿಗಳಿಂದ ಸುಗ್ಗಿ ಮುಗಿದ ಕೂಡಲೇ ಗಂಟುಮೂಟೆ ಕಟ್ಟಿಕೊಂಡು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೋಗೋರು ಹೋಗೋದು ಇದೇ ಕೆಲಸಕ್ಕೆ. ಊರೂರು ಕಟ್ಟಿದ ಕೈಗಳು ಅವು. ಅವರ ಸ್ವಂತ ಮನೆ ಅರ್ಧ ಗೋಡೆಗೆ ನಿಂತಿರುತ್ತೆ, ಮುಂದಿನ ವರ್ಷ ಸ್ಲ್ಯಾಬ್ ಹಾಕಿಸ್ತೀನಿ ಅಂತ. ಆಫೀಸಿನಿಂದ ರಜೆ ಹಾಕಿ ಬಂದು ನಾನೇ ಕಟ್ಟಿದೆ ಅಂತ ಫೋಟೋ ಹಾಕೋ ನಮ್ಮ ಹವ್ಯಾಸ ಅವರ ಕಣ್ಣಿಗೆ ಹೇಗೆ ಕಾಣಬಹುದು? ಪಾಯಾ, ಬೀಮು, ಸ್ಲ್ಯಾಬು ಗೌಂಡಿಯವರದ್ದೇ, ಪೂರ್ತಿ ಪಗಾರ ಕೊಟ್ಟು. ಗೋಡೆ ಅವರ ಜೊತೆ ನಿಂತು ನಾನು ಕಟ್ಟೋದು, ಮೂಲೆಯ ಬ್ಲಾಕು ಅವರು ಕೂರಿಸಬೇಕು, ದಾರ ಹಿಡಿದು ನಡುವಿನದ್ದು ನಾನು. ಗಿಲಾವು, ಸುಣ್ಣ, ಫರಸಿ ಪೂರ್ತಿ ನನ್ನದು. ಸೊಟ್ಟಾದರೆ ನನ್ನ ಗೋಡೆ, ನನ್ನ ಕಣ್ಣು :-)

ಕೊನೆಗೆ ಈ ಖೋಲಿ ಯಾರಿಗೆ ಅನ್ನೋ ಪ್ರಶ್ನೆ. ನಾನು ವರ್ಷಕ್ಕೆ ಹತ್ತಿಪ್ಪತ್ತು ದಿನ ಇರಬಹುದು. ಉಳಿದ ದಿನ ಅಲ್ಲಿ ಇರೋರು ಕಳೆ ತೆಗೆಯೋಕೆ, ಹತ್ತಿ ಬಿಡಿಸೋಕೆ ಬರೋ ಹೆಣ್ಣುಮಕ್ಕಳು. ಈ ಬಯಲಿನಲ್ಲಿ ಮೈಲಿಗಟ್ಟಲೆ ನೆರಳಿಲ್ಲ. ಮೇ ತಿಂಗಳ ಅಡ್ಡಮಳೆ ಬಂದಾಗ ಇರೋ ಒಂದು ಮರದ ಕೆಳಗೆ ಎಲ್ಲರೂ ಓಡ್ತಾರೆ, ಸಿಡಿಲು ಬಡಿಯೋದೂ ಅದೇ ಮರಕ್ಕೆ. ಪ್ರತಿ ವರ್ಷ ಈ ಭಾಗದ ಪತ್ರಿಕೆಗಳಲ್ಲಿ ಆ ಸುದ್ದಿ ಓದ್ತೀವಿ. ಬ್ಲಾಕಿನ ಖೋಲಿಯ ಒಳಗೆ, ಗೋಡೆ ಮತ್ತು ವೈರಿಗೆ ತಾಗದೆ ಕೂತರೆ ಮರದ ಬುಡಕ್ಕಿಂತ ಎಷ್ಟೋ ಸುರಕ್ಷಿತ. ಇನ್ನೊಂದು, ಹೊಲಕ್ಕೆ ಬರೋ ಹೆಂಗಸರಿಗೆ ದಿನವಿಡೀ ಇಲ್ಲದಿರೋದು ಶೌಚಾಲಯ. ನನ್ನ ನಕ್ಷೆಯಲ್ಲಿ ಮೊದಲು ಅದು ಇರಲಿಲ್ಲ. ನಮ್ಮ ಕಾಕಿ ನಕ್ಷೆ ನೋಡಿ, "ಕಟ್ಟಿ ಮ್ಯಾಲೆ ಕುಂದ್ರೂದು ಆಮ್ಯಾಲ ನೋಡಮು, ಮೊದಲ ಹೆಣ್ಣಮಕ್ಕಳಿಗಿ ಒಂದು ಮರಿ ಮಾಡು" ಅಂದಳು. ಈಗ ಕಟ್ಟೆ ಎರಡು ಅಡಿ ಕಡಿಮೆಯಾಗಿ ಹಿಂದೆ ನಾಲ್ಕು ಅಡಿ ಐದು ಅಡಿಯ ಶೌಚಾಲಯ ಬಂದಿದೆ, ಬಾಗಿಲು ಹೊರಗಡೆಯಿಂದ. ಖೋಲಿಗೆ ಬೀಗ ಹಾಕಿದ್ದರೂ ಅದಕ್ಕೆ ಹಾಕಲ್ಲ. ಅದಕ್ಕೂ ಖೋಲಿಯ ಹಾಗೇ ಗಡ್ಡೆ ಕಂಬ ಬೇಕಾ ಅಂತ ಗೌಂಡಿ ಮಾಮಾಗೆ ಕೇಳಿದೆ. ಅವರು ಬರೀ ನಕ್ಕರು.

ಬರೋ ಏಪ್ರಿಲ್‌ನಲ್ಲಿ ಜೋಳದ ಕಣ ಮುಗಿದು, ನೆಲ ಪೂರ್ತಿ ಬಿರಿದ ಮೇಲೆ ಮೊದಲ ಗುಂಡಿ ತೋಡಿಸ್ತೀನಿ. ಎಷ್ಟು ಅಡಿಗೆ ಮುರುಮು ಸಿಕ್ಕಿತು ಅಂತ ಇಲ್ಲೇ ಬರೀತೀನಿ. ನಿಮ್ಮಲ್ಲಿ ವಿಜಯಪುರ, ಗದಗ, ರಾಯಚೂರು ಕಡೆ ಎರೆಯಲ್ಲಿ ಕಟ್ಟಿದವರಿದ್ದರೆ, ಕಟ್ಟಿ ಐದು ಮಳೆಗಾಲ ಕಳೆದಿದ್ದರೆ, ಕಿಟಕಿ ಮೂಲೆ ಈಗ ಹೇಗಿದೆ ಅಂತ ಹೇಳಿ.